ಉಂಗುರ ಸಿಕ್ಕಿದವನೆಲ್ಲ ಕಳ್ಳನೆ?

ಹೊತ್ತು ಮೂಡುವ ಮುನ್ನ ಸ್ಕಂದಗಿರಿಯನ್ನು ಹತ್ತಲು ಹೊರಟವರಿಗೆ ಒಂದು ಅನುಭವ ಆಗಿದ್ದೀತು. ಚಿಕ್ಕಬಳ್ಳಾಪುರದ ಮಗ್ಗುಲಿನ ಕಳವಾರದ ಕಡೆಯಿಂದ, ಪಾಪಾಗ್ನಿ ಮಠವನ್ನು ಹಿಂದೆ ಬಿಟ್ಟು, ಕಲ್ಲುದಾರಿಯಲ್ಲಿ ಮೇಲೇರುತ್ತಿದ್ದಂತೆ ಮಂಜು ಕವಿಯುತ್ತದೆ. ಹತ್ತು ಮಾರು ಮುಂದೆ ಒಂದು ಆಕೃತಿ ನಡೆಯುತ್ತಿರುತ್ತದೆ. ಅದೇ ಎತ್ತರ, ಅದೇ ಹೊದಿಕೆ, ಕಾಲನ್ನು ತುಸು ಎಳೆದು ಹಾಕುವ ಅದೇ ನಡಿಗೆ. ನಮ್ಮ ಜೊತೆಗಾರನೇ ಸರಿ ಎಂದು ಹೆಸರು ಹಿಡಿದು ಕೂಗುತ್ತೇವೆ. ಆಕೃತಿ ತಿರುಗಿ ನಿಲ್ಲುತ್ತದೆ. ಮುಖ ಬೇರೆ ಯಾರದೋ. ಇಬ್ಬರೂ ನಕ್ಕು ಮುಂದೆ ಸಾಗುತ್ತೇವೆ. ಬೆಟ್ಟದ ಮೇಲೆ ಈ ತಪ್ಪಿಗೆ ತೆರಬೇಕಾದ ಬೆಲೆ ಒಂದು ನಗೆ ಮಾತ್ರ. ಇದೇ ತಪ್ಪು ಪೊಲೀಸು ಠಾಣೆಯ ಅಂಗಳದಲ್ಲಿ, ಸಾಕ್ಷಿ ಹೇಳಲು ಬಂದವನ ಬಾಯಲ್ಲಿ ನಡೆದುಹೋದರೆ, ಬೆಲೆ ತೆರುವವನು ಮತ್ತೊಬ್ಬ. ಅವನು ತೆರುವುದು ತನ್ನ ಆಯುಷ್ಯವನ್ನು.

‘ಇವನೇ ಅವನು.’ ನ್ಯಾಯಾಲಯದಲ್ಲಿ ಉಚ್ಚರಿಸುವ ಮಾತುಗಳಲ್ಲಿ ಇಷ್ಟು ಚಿಕ್ಕದೂ ಇಷ್ಟು ಭಾರವಾದದ್ದೂ ಮತ್ತೊಂದಿಲ್ಲ. ಈ ಎರಡು ಪದಗಳನ್ನು ಯಾವ ಧೈರ್ಯದ ಮೇಲೆ ಹೇಳಬಹುದು, ಹೇಳುವ ಮೊದಲು ಯಾವ ಯಾವ ಎಚ್ಚರಗಳನ್ನು ವಹಿಸಬೇಕು ಎಂಬುದೇ ಈ ಸಣ್ಣ ಭಾಷಣದ ವಿಷಯ.

ಗುರುತಿನ ಪ್ರಶ್ನೆ ನಮ್ಮ ಸಾಹಿತ್ಯಕ್ಕೆ ಹೊಸದಲ್ಲ. ಕಾಳಿದಾಸ ತನ್ನ ನಾಟಕದ ಹೆಸರಿನಲ್ಲೇ ‘ಅಭಿಜ್ಞಾನ’ವೆಂಬ ಪದವನ್ನು ಇರಿಸಿದ. ಬಸವಪ್ಪ ಶಾಸ್ತ್ರಿಗಳ ಕನ್ನಡ ಶಾಕುಂತಲವನ್ನು ಓದಿದವರಿಗೂ, ರಂಗದ ಮೇಲೆ ಕಂಡವರಿಗೂ ಉಂಗುರದ ಕಥೆ ಗೊತ್ತು. ಆದರೆ ನಮ್ಮ ಕಣ್ಣು ಸಾಮಾನ್ಯವಾಗಿ ಶಕುಂತಲೆಯ ಮೇಲೆ, ದುಷ್ಯಂತನ ಮೇಲೆ ನಿಲ್ಲುತ್ತದೆ. ನಡುವೆ ಬಂದು ಹೋಗುವ ಬೆಸ್ತನನ್ನು ಮರೆಯುತ್ತೇವೆ. ಮೀನಿನ ಹೊಟ್ಟೆಯಲ್ಲಿ ಸಿಕ್ಕಿದ ಉಂಗುರವನ್ನು ಮಾರಲು ತಂದ ಆ ಬಡವನನ್ನು ಕಾವಲಿನವರು ಕೈ ಕಟ್ಟಿ ಎಳೆತರುತ್ತಾರೆ. ಅರಸನ ಹೆಸರುಳ್ಳ ಉಂಗುರ ಇವನ ಕೈಯಲ್ಲಿದೆ. ಅಂದ ಮೇಲೆ ಇವನು ಕಳ್ಳ. ಅವನು ಹೇಳುವ ಕಥೆ ನಗೆಗೀಡಾಗುತ್ತದೆ. ಅವನನ್ನು ಕೊಲ್ಲಲು ಒಬ್ಬ ಕಾವಲಿನವನ ಕೈ ಆಗಲೇ ತುರಿಸುತ್ತಿರುತ್ತದೆ. ಕೊನೆಗೆ ಅರಮನೆಯಿಂದ ಬರುವುದು ಬಿಡುಗಡೆಯ ಅಪ್ಪಣೆ, ಜೊತೆಗೆ ಉಂಗುರದ ಬೆಲೆಗೆ ಸರಿಯಾದ ಬಹುಮಾನ.

ಉಂಗುರ ಸುಳ್ಳಾಗಿರಲಿಲ್ಲ, ಅದು ಅರಸನದೇ. ಅದು ಬೆಸ್ತನ ಕೈಯಲ್ಲಿ ಸಿಕ್ಕಿದ್ದೂ ನಿಜ. ಸುಳ್ಳಾದದ್ದು ಆ ಎರಡು ನಿಜಗಳಿಂದ ಕಾವಲಿನವರು ಎಳೆದ ತೀರ್ಮಾನ. ಇಂದಿನ ಪೊಲೀಸು ವಿಜ್ಞಾನ ಉಂಗುರದ ಬದಲು ಹೆಬ್ಬೆಟ್ಟಿನ ಗೆರೆಯನ್ನೋ ನೆತ್ತರಿನ ಕಣವನ್ನೋ ತಂದು ಮುಂದಿಡಬಹುದು. ಆದರೆ ಪ್ರತಿಯೊಂದು ಗುರುತಿನ ಮುಂದೆಯೂ ಮೂರು ಪ್ರಶ್ನೆಗಳು ನಿಂತೇ ಇರುತ್ತವೆ. ಈ ಗುರುತು ಯಾರದು? ಅದು ಇಲ್ಲಿಗೆ ಹೇಗೆ ಬಂತು? ನಮ್ಮ ಕೈ ಸೇರಿದ ಮೇಲೆ ಅದು ಕೆಡದೆ, ಬದಲಾಗದೆ ಉಳಿಯಿತೆ? ಮೊದಲನೆಯದಕ್ಕೆ ವಿಜ್ಞಾನ ಉತ್ತರಿಸಬಲ್ಲದು. ಎರಡನೆಯದಕ್ಕೆ ಬುದ್ಧಿ ಬೇಕು. ಮೂರನೆಯದಕ್ಕೆ ಬೇಕಾದದ್ದು ಪ್ರಾಮಾಣಿಕತೆ.

ಎಲ್ಲಕ್ಕಿಂತ ಹಳೆಯ ಸಾಧನ ಮನುಷ್ಯನ ಕಣ್ಣು. ಅದನ್ನು ಎಷ್ಟು ನಂಬಬಹುದೆಂಬುದಕ್ಕೆ ಲಂಡನ್ನಿನ ಒಂದು ಪ್ರಕರಣ ಪ್ರಸಿದ್ಧವಾಗಿದೆ. ಹೆಂಗಸರಿಗೆ ಮದುವೆಯ, ಮನೆಗೆಲಸದ ಆಸೆ ತೋರಿಸಿ ಒಡವೆ ದೋಚುತ್ತಿದ್ದನೆಂಬ ಆರೋಪದ ಮೇಲೆ 1896ರಲ್ಲಿ ಅಡಾಲ್ಫ್ ಬೆಕ್ ಎಂಬಾತನಿಗೆ ಏಳು ವರ್ಷಗಳ ಶಿಕ್ಷೆಯಾಯಿತು. ಮೋಸಹೋದ ಹೆಂಗಸರು ಒಬ್ಬರಾದ ಮೇಲೊಬ್ಬರು ಬಂದು ಅವನ ಕಡೆ ಕೈ ತೋರಿಸಿದ್ದರು. ಶಿಕ್ಷೆ ಮುಗಿಸಿ ಬಂದ ಅವನನ್ನು 1904ರಲ್ಲಿ ಅದೇ ಬಗೆಯ ಆರೋಪದ ಮೇಲೆ ಮತ್ತೆ ಹಿಡಿದರು. ಮತ್ತೆ ಸಾಕ್ಷಿಗಳು ಅವನನ್ನೇ ಗುರುತಿಸಿದರು. ಅವನು ಬಂಧನದಲ್ಲಿದ್ದಾಗಲೇ ನಿಜವಾದ ವಂಚಕ ಸಿಕ್ಕಿಬಿದ್ದ. ಆ ಹೆಂಗಸರಾರೂ ಸುಳ್ಳು ಹೇಳಿರಲಿಲ್ಲ. ಅವರು ನಂಬಿದ್ದನ್ನೇ ಹೇಳಿದ್ದರು. ಸುಳ್ಳುಗಾರನನ್ನು ಪಾಟೀಸವಾಲಿನಲ್ಲಿ ಕೆಡವಬಹುದು. ಪ್ರಾಮಾಣಿಕವಾಗಿ ತಪ್ಪು ನಂಬಿದವನ ಮುಂದೆ ಎಂಥ ವಕೀಲನೂ ಕೈಕಟ್ಟಿ ನಿಲ್ಲಬೇಕಾಗುತ್ತದೆ. ಇಂಗ್ಲೆಂಡಿನಲ್ಲಿ 1907ರಲ್ಲಿ ಅಪರಾಧ ಪ್ರಕರಣಗಳಿಗೆಂದೇ ಮೇಲ್ಮನವಿ ನ್ಯಾಯಾಲಯವೊಂದು ಹುಟ್ಟಿಕೊಳ್ಳಲು ಬೆಕ್‌ನ ಗೋಳೂ ಒಂದು ಕಾರಣ.

ಈ ದೌರ್ಬಲ್ಯವನ್ನು ಬಲ್ಲವರು ರೂಪಿಸಿದ ಕ್ರಮವೇ ಗುರುತು ಹಚ್ಚುವ ಪರೇಡು. ನಮ್ಮಲ್ಲಿ ಬಹುಮಟ್ಟಿಗೆ ಇದು ತಾಲ್ಲೂಕು ದಂಡಾಧಿಕಾರಿಗಳ, ಎಂದರೆ ತಹಶೀಲ್ದಾರರ ಮುಂದೆ ನಡೆಯುತ್ತದೆ. ಚಿಂತಾಮಣಿಯಲ್ಲೋ ಗೌರಿಬಿದನೂರಿನಲ್ಲೋ ಪಹಣಿ, ಖಾತೆಗಳ ಕೆಲಸಕ್ಕಾಗಿ ನಾವು ಕಾಣಹೋಗುವ ಅದೇ ಅಧಿಕಾರಿ, ಒಂದು ದಿನ ಕಾರಾಗೃಹದ ಅಂಗಳಕ್ಕೆ ಹೋಗಿ ಈ ನಾಜೂಕಾದ ಕರ್ತವ್ಯವನ್ನು ನೆರವೇರಿಸಬೇಕಾಗುತ್ತದೆ. ಹಿಡಿದ ದಿನದಿಂದ ಶಂಕಿತನ ಮುಖಕ್ಕೆ ಮುಸುಕು ಹಾಕಿರಬೇಕು. ಸಾಕ್ಷಿ ಅವನನ್ನು ಠಾಣೆಯಲ್ಲಾಗಲಿ ಪತ್ರಿಕೆಯ ಚಿತ್ರದಲ್ಲಾಗಲಿ ನೋಡಿರಬಾರದು. ಅದೇ ವಯಸ್ಸು, ಮೈಕಟ್ಟು, ಬಣ್ಣಗಳ ಹಲವರ ನಡುವೆ ಅವನನ್ನು ನಿಲ್ಲಿಸಬೇಕು. ಅವನ ಕೆನ್ನೆಯ ಮೇಲೆ ಮಚ್ಚೆಯಿದ್ದರೆ ಉಳಿದವರ ಕೆನ್ನೆಯ ಮೇಲೂ ಅದೇ ಜಾಗದಲ್ಲಿ ಕಾಗದದ ತುಂಡು ಅಂಟಿಸಿ ಎಲ್ಲರನ್ನೂ ಸಮ ಮಾಡಬೇಕು. ಎಲ್ಲಿ ನಿಲ್ಲಬೇಕೆಂಬ ಆಯ್ಕೆ ಅವನದು. ಒಬ್ಬ ಸಾಕ್ಷಿ ಹೋಗಿ ಮತ್ತೊಬ್ಬ ಬರುವುದರೊಳಗೆ ಅವನು ಸ್ಥಳ ಬದಲಾಯಿಸಬಹುದು, ಅಂಗಿಯನ್ನೂ ಬದಲಾಯಿಸಬಹುದು. ನೋಡಿ ಹೋದ ಸಾಕ್ಷಿ, ನೋಡಲಿರುವ ಸಾಕ್ಷಿಯೊಡನೆ ಮಾತಾಡಕೂಡದು. ಪೊಲೀಸರು ಅಲ್ಲಿರಕೂಡದು; ಕಣ್ಣಿನ ಒಂದು ಸನ್ನೆಯೂ ಎಲ್ಲವನ್ನೂ ಕೆಡಿಸಬಲ್ಲದು. ದಿನಗಳುರುಳಿದಂತೆ ನೆನಪು ಮಸುಕಾಗುವುದರಿಂದ ಪರೇಡು ಬೇಗ ನಡೆಯಬೇಕು. ಇಷ್ಟೆಲ್ಲ ಆದರೂ ಅದು ಸ್ವತಂತ್ರವಾದ ಸಾಕ್ಷ್ಯವಲ್ಲ. ನ್ಯಾಯಾಧೀಶರ ಎದುರಿನಲ್ಲಿ ಸಾಕ್ಷಿ ಹೇಳುವ ಮಾತಿಗೆ ಅದೊಂದು ಊರುಗೋಲು, ಅಷ್ಟೆ.

ಕಣ್ಣನ್ನು ಬಿಟ್ಟು ಬೆರಳಿಗೆ ಬರೋಣ. ಬೆರಳಚ್ಚು ಎಂದರೆ ಕಚೇರಿಯವರಿಗೆ ಟೈಪುಯಂತ್ರ ನೆನಪಾಗುತ್ತದೆ. ಆದ್ದರಿಂದ ಬೆರಳುಮುದ್ರೆ ಎನ್ನುತ್ತೇನೆ. ಎಳೆ ಮಗುವಿನ ಕೈಯನ್ನು ಬಿಡಿಸಿ, ಯಾವ ಬೆರಳಿನಲ್ಲಿ ಶಂಖ, ಯಾವುದರಲ್ಲಿ ಚಕ್ರ ಎಂದು ಎಣಿಸುವ ಅಜ್ಜಿಯರನ್ನು ನೀವು ನೋಡಿರುತ್ತೀರಿ. ಅವರು ಅದರಲ್ಲಿ ಭಾಗ್ಯವನ್ನು ಹುಡುಕಿದರು. ವಿಜ್ಞಾನಿಗಳು ವ್ಯಕ್ತಿಯನ್ನು ಹುಡುಕಿದರು. ಇಬ್ಬರೂ ನೋಡಿದ್ದು ಅವೇ ಗೆರೆಗಳನ್ನು. ಸುಳಿಯಾಗಿ ಸುತ್ತಿದ್ದು ಚಕ್ರ, ಕುಣಿಕೆಯಂತೆ ತಿರುಗಿದ್ದು ಶಂಖ. ಇವೆರಡರ ಜೊತೆಗೆ ಅಪರೂಪವಾಗಿ ಕಾಣುವ ಕಮಾನು. ತಾಯಿಯ ಗರ್ಭದಲ್ಲಿ ಮೂರು ನಾಲ್ಕನೆಯ ತಿಂಗಳ ಹೊತ್ತಿಗೆ ಮೂಡುವ ಈ ಗೆರೆಗಳು ಸಾಯುವವರೆಗೂ ಅದೇ ವಿನ್ಯಾಸದಲ್ಲಿರುತ್ತವೆ. ಒಂದೇ ಚಹರೆಯ ಅವಳಿಗಳಲ್ಲಿಯೂ ಇವು ಬೇರೆ ಬೇರೆ. ಗೆರೆ ಎಲ್ಲಿ ಕವಲೊಡೆಯಿತು, ಎಲ್ಲಿ ತಟ್ಟನೆ ನಿಂತಿತು, ಎಲ್ಲಿ ಒಂದು ನಡುಗಡ್ಡೆಯನ್ನು ಬಳಸಿ ಮತ್ತೆ ಕೂಡಿಕೊಂಡಿತು ಎಂಬ ಸೂಕ್ಷ್ಮಗಳನ್ನು ಹೋಲಿಸಿಯೇ ತಜ್ಞ ತನ್ನ ಅಭಿಪ್ರಾಯಕ್ಕೆ ಬರುತ್ತಾನೆ.

ಈ ವಿದ್ಯೆ ಬೆಳೆದದ್ದು ನಮ್ಮ ನಾಡಿನ ನೆಲದಲ್ಲಿ. 1858ರಲ್ಲಿ ಬಂಗಾಳದ ಜಂಗಿಪುರದಲ್ಲಿ ವಿಲಿಯಂ ಹರ್ಷಲ್ ಎಂಬ ಆಂಗ್ಲ ಅಧಿಕಾರಿ, ರಸ್ತೆಗೆ ಜಲ್ಲಿ ಒದಗಿಸುವ ಕರಾರಿನ ಹಿಂಬದಿಯಲ್ಲಿ ರಾಜ್ಯಧರ ಕೋನಾಯಿ ಎಂಬ ಗುತ್ತಿಗೆದಾರನ ಅಂಗೈಯನ್ನು ಒತ್ತಿಸಿಕೊಂಡ. ಉದ್ದೇಶ ವಿಜ್ಞಾನವಾಗಿರಲಿಲ್ಲ. ‘ಈ ರುಜು ನನ್ನದಲ್ಲ’ ಎಂದು ನಾಳೆ ಅವನು ಹೇಳಬಾರದೆಂಬ ಬೆದರಿಕೆ, ಅಷ್ಟೆ. ನಲವತ್ತು ವರ್ಷಗಳೊಳಗೆ ಆ ಬೆದರಿಕೆ ಶಾಸ್ತ್ರವಾಯಿತು. ಬಂಗಾಳದ ಪೊಲೀಸು ಮುಖ್ಯಸ್ಥ ಎಡ್ವರ್ಡ್ ಹೆನ್ರಿಯ ಕೈಕೆಳಗೆ ದುಡಿಯುತ್ತಿದ್ದ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬಿಬ್ಬರು ಹತ್ತು ಬೆರಳುಗಳ ಮುದ್ರೆಗಳನ್ನು ಲೆಕ್ಕದ ಸೂತ್ರಕ್ಕೆ ಒಳಪಡಿಸಿ 1,024 ಗುಂಪುಗಳಲ್ಲಿ ಹಂಚಿಡುವ ಕ್ರಮಕ್ಕೆ ರೂಪ ಕೊಟ್ಟರು. ಸಾವಿರಾರು ಹಾಳೆಗಳ ರಾಶಿಯಲ್ಲಿ ಬೇಕಾದ ಒಂದನ್ನು ಕೆಲವು ನಿಮಿಷಗಳಲ್ಲಿ ತೆಗೆಯುವಂತಾಯಿತು. 1897ರಲ್ಲಿ ಕಲ್ಕತ್ತೆಯಲ್ಲಿ ಜಗತ್ತಿನ ಮೊದಲ ಬೆರಳುಮುದ್ರೆ ಕಾರ್ಯಾಲಯ ತೆರೆಯಿತು. ಲಂಡನ್ನಿನ ಸ್ಕಾಟ್‌ಲೆಂಡ್ ಯಾರ್ಡಿಗೆ ಇದೇ ಕ್ರಮ ಹೋದದ್ದು ಅದರ ಅನಂತರ, 1901ರಲ್ಲಿ. ಕ್ರಮಕ್ಕೆ ನಿಂತ ಹೆಸರು ಹೆನ್ರಿಯದು. ಹಕ್ ಮತ್ತು ಬೋಸರ ಹೆಸರು ಬಹಳ ಕಾಲ ಮರೆಯಲ್ಲೇ ಉಳಿಯಿತು. ಗುರುತಿನ ಶಾಸ್ತ್ರವನ್ನು ಕಟ್ಟಿದವರನ್ನೇ ಲೋಕ ಗುರುತಿಸದೆ ಹೋಯಿತು.

ಆ ಕಾರ್ಯಾಲಯ ತೆರೆದ ಕೆಲವೇ ದಿನಗಳಲ್ಲಿ ಬಂದ ಪ್ರಕರಣವೊಂದನ್ನು ನಾನು ಇಲ್ಲಿ ತುಸು ನಿಧಾನವಾಗಿ ಹೇಳಬೇಕು. ಜಲಪಾಯ್‌ಗುಡಿ ಜಿಲ್ಲೆಯ ಚಹಾ ತೋಟವೊಂದರ ವ್ಯವಸ್ಥಾಪಕ ತನ್ನ ಹಾಸಿಗೆಯ ಮೇಲೆ ಕತ್ತು ಕೊಯ್ದ ಸ್ಥಿತಿಯಲ್ಲಿ ಸಿಕ್ಕಿದ. ಪೆಟ್ಟಿಗೆಯಲ್ಲಿದ್ದ ಹಣ ಕಳುವಾಗಿತ್ತು. ಪೆಟ್ಟಿಗೆಯ ಕಾಗದಗಳ ನಡುವೆ ಇದ್ದ ಬಂಗಾಳಿ ಪಂಚಾಂಗದ ರಕ್ಷಾಪುಟದ ಮೇಲೆ ಕಂದು ಬಣ್ಣದ ಎರಡು ಕಲೆಗಳಿದ್ದವು. ಒಂದರಲ್ಲಿ ಬಲಗೈ ಹೆಬ್ಬೆಟ್ಟಿನ ಗೆರೆಗಳು ಕಾಣುತ್ತಿದ್ದವು. ಹಿಂದೆ ಅದೇ ಯಜಮಾನನ ಮನೆಯಲ್ಲಿ ಕಳವು ಮಾಡಿ ಜೈಲಿಗೆ ಹೋಗಿದ್ದ ಕಂಗಾಲಿ ಚರಣ ಎಂಬ ಆಳಿನ ಮುದ್ರೆ ಕಾರ್ಯಾಲಯದಲ್ಲಿತ್ತು. ಎರಡೂ ಒಂದೇ ಎಂದು ತೀರಿತು. 1898ರಲ್ಲಿ ವಿಚಾರಣೆ ನಡೆದಾಗ ನ್ಯಾಯಾಲಯ ಮಾಡಿದ್ದೇನು? ಕಳವಿನ ಅಪರಾಧಕ್ಕೆ ಶಿಕ್ಷೆ ವಿಧಿಸಿತು. ಕೊಲೆಯ ಆರೋಪದಿಂದ ಬಿಡುಗಡೆ ಮಾಡಿತು. ಆ ಹೆಬ್ಬೆಟ್ಟು ಆ ಪೆಟ್ಟಿಗೆಯೊಳಗೆ ಹೋಗಿತ್ತೆಂಬುದು ಮುದ್ರೆಯಿಂದ ಸಿದ್ಧವಾಗಿತ್ತು. ಆ ಕೈಯೇ ಕತ್ತಿ ಹಿಡಿಯಿತೆಂಬುದನ್ನು ಕಂಡವರಾರೂ ಇರಲಿಲ್ಲ.

ಈ ತೀರ್ಪಿನಿಂದ ಅಂದು ಬೇಸರಪಟ್ಟವರು ಇದ್ದಿರಬಹುದು. ಆದರೆ ಅಂದು ತೋಟದ ವ್ಯವಸ್ಥಾಪಕನೊಬ್ಬ ಸತ್ತಿದ್ದ. ಕಟಕಟೆಯಲ್ಲಿ ನಿಂತಿದ್ದವನು ಹಳೆಯ ಕಳ್ಳನಾದ ಬಡ ಆಳು. ಕೈಯಲ್ಲಿ ಹೊಸ ವಿಜ್ಞಾನದ ಬೆರಗಿತ್ತು. ಮೂರೂ ಸೇರಿ ಗಲ್ಲಿಗೆ ದಾರಿ ಮಾಡಬಹುದಾಗಿದ್ದ ಹೊತ್ತಿನಲ್ಲಿ, ಗುರುತು ಎಷ್ಟು ಹೇಳಿತೋ ಅಷ್ಟನ್ನೇ ಕೇಳಿದ ಆ ವಿವೇಕವನ್ನು ಮೆಚ್ಚದಿರಲಾಗದು. ಗೌರಿಬಿದನೂರಿನಲ್ಲಿ 1965ರಲ್ಲಿ ಭಾಭಾ ಪರಮಾಣು ಸಂಶೋಧನಾ ಕೇಂದ್ರದವರು ಸ್ಥಾಪಿಸಿದ ಭೂಕಂಪನ ಮಾಪಕಗಳ ಸಾಲು ನಿಮಗೆ ತಿಳಿದಿರಬಹುದು. ಸಾವಿರಾರು ಮೈಲಿ ದೂರದಲ್ಲಿ ನೆಲ ನಡುಗಿದರೆ ಅದು ನಿಸರ್ಗದ ಕಂಪನವೋ ಮನುಷ್ಯ ಸಿಡಿಸಿದ ಬಾಂಬೋ ಎಂದು ಗೆರೆಯ ಸ್ವರೂಪದಿಂದ ಅಲ್ಲಿ ವಿಂಗಡಿಸುತ್ತಾರೆ. ಸಿಡಿಸಿದವನ ಮನಸ್ಸಿನಲ್ಲಿ ಏನಿತ್ತೆಂದು ಆ ಗೆರೆ ಹೇಳುವುದಿಲ್ಲ. ಹೇಳುತ್ತದೆಂದು ಅಲ್ಲಿನ ವಿಜ್ಞಾನಿಗಳು ನಟಿಸುವುದೂ ಇಲ್ಲ. ಹೆಬ್ಬೆಟ್ಟಿನ ಗೆರೆಗೂ ಇದೇ ಮಾತು.

ಮುದ್ರೆಯನ್ನು ಹೇಗೆ ಹಿಡಿಯುತ್ತಾರೆ? ಬೆರಳ ತುದಿಯ ಬೆವರು, ಜಿಡ್ಡುಗಳು ಮುಟ್ಟಿದ ವಸ್ತುವಿನ ಮೇಲೆ ಉಳಿಯುತ್ತವೆ. ಕಣ್ಣಿಗೆ ಅವು ಕಾಣಲಾರವು. ಗಾಜು, ಬೀರುವಿನಂಥ ನುಣುಪಾದ ಮೈಯ ಮೇಲೆ ನಯವಾದ ಪುಡಿಯನ್ನು ಕುಂಚದಿಂದ ಹಗುರಾಗಿ ಸವರಿದರೆ ಗೆರೆಗಳು ಎದ್ದು ಬರುತ್ತವೆ. ಮೊದಲು ಚಿತ್ರ ತೆಗೆದು, ಅನಂತರ ಅಂಟುಪಟ್ಟಿಯಿಂದ ಎತ್ತಿಕೊಳ್ಳುತ್ತಾರೆ. ಪ್ಲಾಸ್ಟಿಕ್ಕಿನ ಮೇಲಾದರೆ ಫೆವಿಕ್ವಿಕ್ಕಿನಂಥ ಅಂಟಿನ ಆವಿ ಹಿಡಿಸಿದಾಗ ಬಿಳಿಯ ಗೆರೆ ಮೂಡುತ್ತದೆ. ಕಾಗದಕ್ಕೆ ನಿನ್‌ಹೈಡ್ರಿನ್ ಎಂಬ ರಾಸಾಯನಿಕ. ಬೆವರಿನ ಅಂಶದೊಡನೆ ಅದು ಸೇರಿ ನೇರಳೆ ಬಣ್ಣ ತಾಳುತ್ತದೆ. ಹಳೆಯ ಕಾಗದದ ಮೇಲೆ ವರ್ಷಗಳ ಹಿಂದೆ ಮುಟ್ಟಿದ ಬೆರಳೂ ಹೀಗೆ ಎದ್ದು ಬರಬಹುದು. ನೆನಪಿಡಬೇಕಾದ ಸಂಗತಿ ಇಲ್ಲಿದೆ. ಮುದ್ರೆ ನಿನ್ನೆ ಬಿದ್ದದ್ದೋ ಕಳೆದ ತಿಂಗಳು ಬಿದ್ದದ್ದೋ ಎಂದು ನಂಬಿಕೆಯಿಂದ ಹೇಳಬಲ್ಲ ವಿಧಾನವಿಲ್ಲ. ಹಾಲು ಹಾಕುವ ಹುಡುಗನ ಬೆರಳು ಬಾಗಿಲ ಮೇಲಿದ್ದರೆ ಅದಕ್ಕೆ ಪ್ರತಿದಿನವೂ ಕಾರಣವಿದೆ. ಬೀರುವಿನ ಒಳಖಾನೆಯಲ್ಲಿದ್ದರೆ ಅದಕ್ಕೆ ಅವನು ಉತ್ತರ ಹೇಳಬೇಕು. ನಮ್ಮ ಎರಡನೆಯ ಪ್ರಶ್ನೆ, ‘ಇಲ್ಲಿಗೆ ಹೇಗೆ ಬಂತು’ ಎಂಬುದು, ಹೀಗೆ ತೀರ್ಮಾನವಾಗಬೇಕಾದದ್ದು.

ಹೋಲಿಸುವ ಕೆಲಸಕ್ಕೆ ಈಗ ಗಣಕಯಂತ್ರ ಬಂದಿದೆ. 2022ರಲ್ಲಿ ಉದ್ಘಾಟನೆಯಾದ ರಾಷ್ಟ್ರೀಯ ಸ್ವಯಂಚಾಲಿತ ಬೆರಳುಮುದ್ರೆ ವ್ಯವಸ್ಥೆ ದೇಶದ ಠಾಣೆಗಳ ಸಂಗ್ರಹವನ್ನು ಒಂದು ಸೂರಿನಡಿ ತಂದಿತು. ಹಿಂದೆ ದಿನಗಳು ಹಿಡಿಯುತ್ತಿದ್ದ ಹುಡುಕಾಟವನ್ನು ಯಂತ್ರ ಕ್ಷಣಗಳಲ್ಲಿ ಮುಗಿಸುತ್ತದೆ. ಆದರೆ ಯಂತ್ರ ‘ಇವನೇ’ ಎನ್ನುವುದಿಲ್ಲ. ‘ಇವರನ್ನು ನೋಡಿ’ ಎಂದು ಒಂದು ಪಟ್ಟಿ ಕೊಡುತ್ತದೆ. ಸಂಗ್ರಹ ದೊಡ್ಡದಾದಷ್ಟೂ, ಒಂದರಂತೆ ಒಂದು ತೋರುವ ಮುದ್ರೆಗಳು ಸಿಗುವ ಸಂಭವವೂ ದೊಡ್ಡದು. 2004ರಲ್ಲಿ ಸ್ಪೇನಿನ ಮ್ಯಾಡ್ರಿಡ್ ನಗರದ ರೈಲುಗಳಲ್ಲಿ ಬಾಂಬು ಸಿಡಿದಾಗ, ಒಂದು ಚೀಲದ ಮೇಲಿದ್ದ ಮಸುಕು ಮುದ್ರೆಗೆ ಅಮೆರಿಕದ ಯಂತ್ರ ಇಪ್ಪತ್ತು ಹೆಸರುಗಳನ್ನು ಕೊಟ್ಟಿತು. ಅವರಲ್ಲಿ ಓರೆಗಾನ್ ಪ್ರಾಂತ್ಯದ ಒಬ್ಬ ವಕೀಲನದೇ ಅದು ಎಂದು ಎಫ್.ಬಿ.ಐ.ಯ ನುರಿತ ತಜ್ಞರು ಒಬ್ಬರಾದ ಮೇಲೊಬ್ಬರು ಸಹಿ ಹಾಕಿದರು. ಸ್ಪೇನಿನ ಪೊಲೀಸರು ಒಪ್ಪಲಿಲ್ಲ. ಕೊನೆಗೆ ಅದು ಅಲ್ಜೀರಿಯದ ಬೇರೊಬ್ಬನದೆಂದು ತೋರಿಸಿಕೊಟ್ಟರು. ಎರಡು ವಾರ ಬಂಧನದಲ್ಲಿದ್ದ ವಕೀಲನಲ್ಲಿ ಎಫ್.ಬಿ.ಐ. ಕ್ಷಮೆ ಕೇಳಬೇಕಾಯಿತು. ಎರಡನೆಯ ತಜ್ಞ ಮೊದಲನೆಯವನ ತೀರ್ಮಾನವನ್ನು ತಿಳಿದುಕೊಂಡೇ ಭೂತಗನ್ನಡಿ ಹಿಡಿದರೆ ಅವನು ನೋಡುವುದು ಗೆರೆಗಳನ್ನಲ್ಲ, ಮೊದಲನೆಯವನ ಅಭಿಪ್ರಾಯವನ್ನು.

ಇನ್ನು ಮೂರನೆಯ ಪ್ರಶ್ನೆ: ಸಿಕ್ಕಿದ ಗುರುತು ಕೆಡದೆ ಉಳಿಯಿತೆ? ಮಹಜರು, ಪಂಚರು, ಅರಗಿನ ಮೊಹರು ಎಂಬ ಮಾತುಗಳನ್ನು ಕೇಳಿದರೆ ನಮಗೆ ಬೇಸರ ಬರುತ್ತದೆ. ಅವು ಕಚೇರಿಯ ಜಡ ಶಾಸ್ತ್ರವೆಂದು ತೋರುತ್ತದೆ. ನಿಜವಾಗಿ ನಿರಪರಾಧಿಯನ್ನು ಕಾಯುವುದು ಈ ಜಡ ಶಾಸ್ತ್ರವೇ. ಯಾವ ವಸ್ತು ಎಲ್ಲಿ ಸಿಕ್ಕಿತು, ಯಾರ ಎದುರಿನಲ್ಲಿ ಎತ್ತಿದರು, ಯಾವ ಮೊಹರು ಬಿತ್ತು, ಯಾವ ದಿನ ಯಾವ ಪೇದೆ ಅದನ್ನು ಬೆಂಗಳೂರಿನ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಒಯ್ದ, ಅಲ್ಲಿ ಮೊಹರು ಒಡೆಯದೆ ಇತ್ತೆ? ಈ ಸರಪಳಿಯ ಒಂದು ಕೊಂಡಿ ಕಾಣೆಯಾದರೂ ಉಳಿದದ್ದೆಲ್ಲ ವ್ಯರ್ಥ. ನೆತ್ತರು ಅಂಟಿದ ಬಟ್ಟೆಯನ್ನು ನೆರಳಿನಲ್ಲಿ ಆರಿಸಿ ಕಾಗದದ ಚೀಲದಲ್ಲಿ ಕಟ್ಟಬೇಕು. ಹಸಿಯಾಗಿಯೇ ಪ್ಲಾಸ್ಟಿಕ್ಕಿನಲ್ಲಿ ಬಿಗಿದರೆ ಬೂಷ್ಟು ಹಿಡಿದು ಡಿ.ಎನ್.ಎ. ನಾಶವಾಗುತ್ತದೆ. ಒಬ್ಬ ಪೇದೆಯ ಈ ಸಣ್ಣ ಅಜ್ಞಾನ ಸತ್ತವಳಿಗೆ ನ್ಯಾಯ ಸಿಗದಂತೆ ಮಾಡಬಲ್ಲದು.

1997ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ರಾಜಸ್ಥಾನದ ಪ್ರಕರಣವೊಂದು ಬಂತು. ಕೊಲೆ ನಡೆದ ಮನೆಯ ಹಿತ್ತಾಳೆಯ ಪಾತ್ರೆಯೊಂದರ ಮೇಲೆ ಆರೋಪಿಯ ಬೆರಳುಮುದ್ರೆ ಇತ್ತೆಂಬುದು ಮುಖ್ಯ ಸಾಕ್ಷ್ಯ. ಪಾತ್ರೆ ಕಾರ್ಯಾಲಯವನ್ನು ಮುಟ್ಟುವವರೆಗೆ ಅದನ್ನು ಯಾರೂ ತಿದ್ದಿರಲಿಲ್ಲ ಎಂಬುದಕ್ಕೆ ಆಧಾರವಿಲ್ಲ. ಹೋಲಿಕೆಗಾಗಿ ಆರೋಪಿಯ ಮುದ್ರೆ ತೆಗೆದಾಗ ದಂಡಾಧಿಕಾರಿಯ ಅಪ್ಪಣೆಯಿಲ್ಲ. ಆ ಸಾಕ್ಷ್ಯವನ್ನು ನ್ಯಾಯಾಲಯ ನೆಚ್ಚಲಿಲ್ಲ. ನಮ್ಮ ಕರ್ನಾಟಕದ್ದೇ ಆದ ಇನ್ನೊಂದು ಪ್ರಕರಣದಲ್ಲಿ, 1990ರಲ್ಲಿ ಒಬ್ಬ ಮಹಿಳೆಯ ಕೊಲೆಯಾಗಿತ್ತು. ಅಲ್ಲಿಯೂ ಬೆರಳುಮುದ್ರೆಯನ್ನು ಪಡೆದ ಕ್ರಮ ಅನುಮಾನಕ್ಕೆ ಎಡೆಕೊಟ್ಟಿತ್ತು; ಅಪರಿಚಿತನನ್ನು ಕಂಡೆವೆಂದವರ ಮುಂದೆ ಗುರುತಿನ ಪರೇಡು ನಡೆದಿರಲಿಲ್ಲ. 2014ರಲ್ಲಿ ಸರ್ವೋಚ್ಚ ನ್ಯಾಯಾಲಯ ಆರೋಪಿಯನ್ನು ಬಿಡುಗಡೆ ಮಾಡಿತು. ದಂಡಾಧಿಕಾರಿಯ ಅಪ್ಪಣೆ ಎಲ್ಲ ಸಂದರ್ಭಗಳಲ್ಲೂ ಕಡ್ಡಾಯವಲ್ಲವೆಂದು ಮುಂದಿನ ತೀರ್ಪುಗಳು ಹೇಳಿದುದುಂಟು. ಆದರೆ ಮೂಲಪಾಠ ಮಾಸಿಲ್ಲ. ಇಪ್ಪತ್ತನಾಲ್ಕು ವರ್ಷಗಳ ಅನಂತರ ಒಂದು ಕುಟುಂಬಕ್ಕೆ ತಮ್ಮವಳನ್ನು ಕೊಂದವರು ಯಾರೆಂಬ ಉತ್ತರವಿಲ್ಲ. ಇನ್ನೊಬ್ಬನ ಬಾಳಿನ ಇಪ್ಪತ್ತನಾಲ್ಕು ವರ್ಷ ಆರೋಪದ ನೆರಳಿನಲ್ಲಿ ಕಳೆಯಿತು. ಕ್ರಮ ತಪ್ಪಿದಾಗ ಸೋಲುವವರು ಎರಡೂ ಕಡೆಯವರು. ವಿಧಿವಿಧಾನ ಅಪರಾಧಿಗೆ ತೋರುವ ದಾಕ್ಷಿಣ್ಯವೆಂದು ತಿಳಿಯುವವರು ಇದನ್ನು ಯೋಚಿಸಬೇಕು.

ಡಿ.ಎನ್.ಎ. ಪರೀಕ್ಷೆಯ ಚರಿತ್ರೆಯಲ್ಲಿ ನನಗೆ ಬಹಳ ಪ್ರಿಯವಾದ ಒಂದು ಸಂಗತಿಯಿದೆ. ಇಂಗ್ಲೆಂಡಿನ ಲೆಸ್ಟರಿನಲ್ಲಿ ಅಲೆಕ್ ಜೆಫ್ರಿಸ್ 1984ರಲ್ಲಿ ಈ ವಿಧಾನವನ್ನು ಕಂಡುಹಿಡಿದರು. ಹತ್ತಿರದ ಹಳ್ಳಿಗಳಲ್ಲಿ ಇಬ್ಬರು ಹುಡುಗಿಯರ ಕೊಲೆಯಾಗಿತ್ತು. ಹದಿನೇಳು ವರ್ಷದ ಹುಡುಗನೊಬ್ಬ ಠಾಣೆಯಲ್ಲಿ ಒಂದು ಕೊಲೆಯನ್ನು ಒಪ್ಪಿಕೊಂಡೂ ಇದ್ದ. ಪೊಲೀಸರು ಜೆಫ್ರಿಸರ ಬಳಿಗೆ ಹೋದದ್ದು ಎರಡನೆಯದೂ ಅವನದೇ ಎಂದು ತೋರಿಸಿಕೊಳ್ಳಲು. ಪರೀಕ್ಷೆ ಹೇಳಿತು: ಎರಡೂ ಕೊಲೆ ಒಬ್ಬನದೇ, ಆದರೆ ಆ ಒಬ್ಬ ಈ ಹುಡುಗನಲ್ಲ. ಆಮೇಲೆ ಸುತ್ತಲಿನ ಸಾವಿರಾರು ಗಂಡಸರ ರಕ್ತ ಪರೀಕ್ಷಿಸಿದರು. ನಿಜವ್ಯಕ್ತಿ ತನ್ನ ಹೆಸರಿನಲ್ಲಿ ಗೆಳೆಯನಿಂದ ರಕ್ತ ಕೊಡಿಸಿ ನುಣುಚಿಕೊಂಡಿದ್ದ. ಆ ಗೆಳೆಯ ಬಾಯಿ ಬಿಟ್ಟದ್ದರಿಂದ ಸಿಕ್ಕಿಬಿದ್ದ. ಈ ಮಹಾವಿದ್ಯೆ ಅಪರಾಧ ಲೋಕದಲ್ಲಿ ಮಾಡಿದ ಮೊದಲ ಕೆಲಸ ಒಬ್ಬ ನಿರಪರಾಧಿಯನ್ನು ಬಿಡಿಸಿದ್ದು. ತಪ್ಪೊಪ್ಪಿಗೆಗಿಂತ ನೆತ್ತರು ಸತ್ಯವಾಗಿತ್ತು. ಆದರೆ ಆ ನೆತ್ತರು ಯಾರದೆಂದು ಚೀಟಿ ಅಂಟಿಸಿದವನು ಮೋಸಹೋದರೆ ನೆತ್ತರೂ ಸುಳ್ಳಾಗುತ್ತಿತ್ತು.

ನಡಿಗೆಯೂ ಈಗ ಗುರುತಾಗಿದೆ. 2017ರಲ್ಲಿ ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶ್ ಅವರ ಹತ್ಯೆಯಾದಾಗ, ಮನೆಯ ಕ್ಯಾಮೆರಾದಲ್ಲಿ ಸಿಕ್ಕಿದ ದೃಶ್ಯದ ನಡಿಗೆಯನ್ನು ಶಂಕಿತನ ನಡಿಗೆಯೊಡನೆ ಹೋಲಿಸುವ ವಿಧಾನವನ್ನು ತನಿಖಾ ದಳ ಬಳಸಿತು. ಇಂಥ ಹೊಸ ಸಾಕ್ಷ್ಯಗಳ ತೂಕವನ್ನು ಹೇಳಬೇಕಾದದ್ದು ನ್ಯಾಯಾಲಯ. ಸ್ಕಂದಗಿರಿಯ ಮಂಜಿನಲ್ಲಿ ನಡಿಗೆ ನೋಡಿ ಮೋಸಹೋದವರು ನಾವು. ಎಚ್ಚರ ಒಳ್ಳೆಯದು ಎಂದಷ್ಟೇ ಹೇಳಬಲ್ಲೆವು.

ದೇಹದಿಂದ ಗುರುತನ್ನು ಪಡೆಯುವ ಅಧಿಕಾರಕ್ಕೆ ಎಲ್ಲೆ ಎಲ್ಲಿ? 1961ರಲ್ಲಿ ಸರ್ವೋಚ್ಚ ನ್ಯಾಯಾಲಯದ ಹನ್ನೊಂದು ನ್ಯಾಯಾಧೀಶರ ಪೀಠ, ಹೆಬ್ಬೆಟ್ಟು ಒತ್ತುವುದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದಂತೆ ಅಲ್ಲ ಎಂದಿತು. ಗೆರೆ ಮೊದಲೇ ಇದೆ; ಅದು ಮನಸ್ಸಿನೊಳಗಿನ ಮಾತಲ್ಲ. ಹಾಗಾದರೆ ಮದ್ದು ಚುಚ್ಚಿ ಮಂಪರಿನಲ್ಲಿ ಮಾತಾಡಿಸಬಹುದೆ? ಒಂದು ಕಾಲಕ್ಕೆ ಬೆಂಗಳೂರು ಈ ಪರೀಕ್ಷೆಗೆ ಹೆಸರಾಗಿತ್ತು. ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಣ ಪ್ರಕರಣದಲ್ಲಿ 2010ರ ಮೇ 5ರಂದು ಬಂದ ತೀರ್ಪು, ಒಪ್ಪಿಗೆಯಿಲ್ಲದೆ ಅದನ್ನು ಮಾಡಕೂಡದೆಂದಿತು. ಚರ್ಮದ ಗೆರೆಯವರೆಗೆ ರಾಜ್ಯ ಬರಬಹುದು. ಮನಸ್ಸಿನ ಹೊಸ್ತಿಲನ್ನು ಬಲಾತ್ಕಾರದಿಂದ ದಾಟಲಾಗದು.

ಆ ಗೆರೆಯವರೆಗಿನ ದಾರಿ ಈಚೆಗೆ ಅಗಲವಾಗಿದೆ. 1920ರ ಕಾನೂನಿನ ಜಾಗಕ್ಕೆ 2022ರಲ್ಲಿ ಬಂದ ಹೊಸ ಕಾನೂನು ಬೆರಳು, ಅಂಗೈ, ಪಾದಗಳ ಮುದ್ರೆಯಲ್ಲದೆ ಕಣ್ಣಿನ ಪಾಪೆಯ ಚಿತ್ರ, ದೇಹದ ಮಾದರಿಗಳು, ಕೈಬರಹವನ್ನೂ ಪಡೆಯಲು ಅವಕಾಶ ಕೊಟ್ಟು, ದಾಖಲೆಯನ್ನು 75 ವರ್ಷ ಇಡಬಹುದೆಂದಿತು. ಹಿಂದೆ ಶಿಕ್ಷೆಯಾಗಿರದವನು ನಿರ್ದೋಷಿಯೆಂದು ಬಿಡುಗಡೆಯಾಗಿ, ಮೇಲ್ಮನವಿಗಳೆಲ್ಲ ಮುಗಿದರೆ, ನ್ಯಾಯಾಲಯ ಕಾರಣ ಬರೆದು ಬೇರೆ ಆಜ್ಞೆ ಮಾಡದಿದ್ದಲ್ಲಿ, ಅವನ ದಾಖಲೆಯನ್ನು ಅಳಿಸಬೇಕು. ಹೀಗೆ ಅಳಿಸಲು ಹೇಳುವ ಮಾತು ಕಾನೂನಿನಲ್ಲಿದೆ ಎಂಬುದನ್ನು ಪ್ರತಿಯೊಬ್ಬ ನಾಗರಿಕನೂ ತಿಳಿದಿರಬೇಕು.

ಏಕೆಂದರೆ ಅಳಿಸದ ಗುರುತಿನ ಕಥೆಯನ್ನು ಕನ್ನಡ ನಾಡು ಕಂಡಿದೆ. 1871ರಿಂದ ಇಡೀ ಸಮುದಾಯಗಳನ್ನೇ ಹುಟ್ಟಿನಿಂದ ಅಪರಾಧಿಗಳೆಂದು ಕರೆದ ಕಾನೂನಿನ ಕೆಳಗೆ, ಹುಬ್ಬಳ್ಳಿ, ಬಿಜಾಪುರಗಳಲ್ಲಿ ‘ಸೆಟ್ಲ್‌ಮೆಂಟು’ಗಳೆಂಬ ಬೇಲಿಯೊಳಗಿನ ಊರುಗಳು ಎದ್ದವು. ಪಟ್ಟಿಯಲ್ಲಿ ಹೆಸರಿದ್ದವರ ಬೆರಳುಮುದ್ರೆ ತೆಗೆಯಲು ಯಾವ ಕಳವೂ ನಡೆದಿರಬೇಕಾಗಿರಲಿಲ್ಲ. ಅಲ್ಲಿ ಗುರುತಿನ ಅರ್ಥವೇ ತಲೆಕೆಳಗಾಯಿತು. ಅಪರಾಧದಿಂದ ವ್ಯಕ್ತಿಯ ಕಡೆಗೆ ಹೋಗುವ ಬದಲು, ವ್ಯಕ್ತಿಯನ್ನು ಮೊದಲು ಹಿಡಿದಿಟ್ಟು ಅಪರಾಧಕ್ಕಾಗಿ ಕಾಯುತ್ತಿದ್ದರು. ಆ ಕಾನೂನು 1952ರಲ್ಲಿ ರದ್ದಾಯಿತು. ಅದು ಅಂಟಿಸಿದ ಹೆಸರು ಜನರ ಬಾಯಿಂದ ಅಷ್ಟು ಬೇಗ ಅಳಿಯಲಿಲ್ಲ.

ಕೊನೆಯದಾಗಿ ಶಿಡ್ಲಘಟ್ಟದ ಒಂದು ಚಿತ್ರ. ಕುದಿನೀರಿನಲ್ಲಿ ಬೆಂದ ಗೂಡುಗಳಿಂದ ಎಳೆ ತೆಗೆಯುವ ರೀಲರುಗಳ ಕೈಗಳನ್ನು ನೋಡಿ. ವರ್ಷಗಟ್ಟಲೆ ಬಿಸಿನೀರಿನಲ್ಲಿ ನೆನೆದು ಬೆರಳ ತುದಿಗಳು ಬೆಳ್ಳಗಾಗಿ ಸುಲಿದಿರುತ್ತವೆ. ಕೂಲಿಯವರ, ಕಲ್ಲು ಒಡೆಯುವವರ ಕೈಗಳೂ ಹಾಗೆಯೇ ಸವೆದಿರುತ್ತವೆ. ಇಂಥವರು ಪಡಿತರದ ಅಂಗಡಿಯಲ್ಲಿ ಯಂತ್ರದ ಮೇಲೆ ಬೆರಳಿಟ್ಟಾಗ, ಅದು ‘ಹೊಂದುತ್ತಿಲ್ಲ’ ಎಂದುಬಿಡುವುದುಂಟು. ದುಡಿದ ತಪ್ಪಿಗೆ ತಾನು ತಾನಲ್ಲ ಎನಿಸಿಕೊಳ್ಳುವ ಗತಿ. ಗುರುತು ಹೊಂದಿದ ಮಾತ್ರಕ್ಕೆ ಒಬ್ಬ ಅಪರಾಧಿಯಾಗುವುದಿಲ್ಲ. ಹೊಂದದ ಮಾತ್ರಕ್ಕೆ ಒಬ್ಬ ಸುಳ್ಳುಗಾರನಾಗುವುದಿಲ್ಲ. ಯಂತ್ರದ ಹಿಂದೆ ಕುಳಿತವನು ಆ ಕೈಯನ್ನೊಮ್ಮೆ ತನ್ನ ಕಣ್ಣಿನಿಂದ ನೋಡಬೇಕು.

ಇಂದು ಸ್ಕಂದಗಿರಿಯನ್ನು ಹತ್ತಬಯಸುವವರು ಮೊದಲೇ ಹೆಸರು ನೋಂದಾಯಿಸಿ, ಬುಡದಲ್ಲಿ ಗುರುತಿನ ಚೀಟಿ ತೋರಿಸಿ ಹೋಗಬೇಕು. ಒಳ್ಳೆಯದೇ. ಹೊತ್ತು ಏರಿ, ಮಂಜು ಕರಗಿ, ಹತ್ತು ಮಾರು ಮುಂದಿನವನ ಮುಖ ನಿಚ್ಚಳವಾಗುವವರೆಗೆ ಕಾಯುವ ತಾಳ್ಮೆಯನ್ನು ಬೆಟ್ಟ ತಾನಾಗಿ ಕಲಿಸುತ್ತದೆ. ಠಾಣೆಯಲ್ಲಿ, ಪ್ರಯೋಗಾಲಯದಲ್ಲಿ, ನ್ಯಾಯಪೀಠದಲ್ಲಿ ಅದೇ ತಾಳ್ಮೆಗೆ ನಾವು ವಿಧಿವಿಧಾನ ಎಂದು ಹೆಸರಿಟ್ಟಿದ್ದೇವೆ. ಅದು ಇಲ್ಲದೆ ಹೋದರೆ, ಸತ್ಯ ಹೇಳುವ ಬೆಸ್ತನ ಕೈ ಕಟ್ಟಿಯೇ ಇರುತ್ತದೆ. ಅರಮನೆಯಿಂದ ಅಪ್ಪಣೆ ಬರುವ ಮೊದಲೇ ಕಾವಲಿನವನ ಕೈ ತನ್ನ ತುರಿಕೆಯನ್ನು ತೀರಿಸಿಕೊಂಡಿರುತ್ತದೆ.